ಫೋಟೋ ಫೈಲಿನೊಳಗೆ ಯಾವುದನ್ನು ಎಲ್ಲಿ ಬರೆಯಬೇಕು: ಎಕ್ಸಿಫ್, ಐಪಿಟಿಸಿ, ಎಕ್ಸ್‌ಎಂಪಿ ಹೋಲಿಕೆ

ಬೇಲೂರಿನ ದರ್ಪಣ ಸುಂದರಿಯನ್ನು ಮೊಬೈಲಿನಲ್ಲಿ ತೆಗೆದು, ಆ ಫೈಲನ್ನು ಎಕ್ಸಿಫ್‌ಟೂಲ್ ಎಂಬ ಉಚಿತ ಸಾಫ್ಟ್‌ವೇರಿಗೆ ಕೊಟ್ಟರೆ ಪರದೆ ತುಂಬ ಸಾಲುಗಳು ಬಂದು ಬೀಳುತ್ತವೆ. ಯಾವ ಕಂಪನಿಯ ಫೋನು, ಷಟರ್ ಎಷ್ಟು ಹೊತ್ತು ತೆರೆದಿತ್ತು, ಐಎಸ್‌ಒ ಎಷ್ಟು, ಫ್ಲ್ಯಾಶ್ ಹೊಡೆಯಿತೋ ಇಲ್ಲವೋ ಎಲ್ಲ ಇರುತ್ತದೆ. ಲೊಕೇಶನ್ ಆನ್ ಆಗಿದ್ದರೆ 13 ಡಿಗ್ರಿ 9 ನಿಮಿಷ ಚಿಲ್ಲರೆ ಉತ್ತರ, 75 ಡಿಗ್ರಿ 51 ನಿಮಿಷ ಚಿಲ್ಲರೆ ಪೂರ್ವ ಎಂದು ನೀವು ನಿಂತ ಜಾಗವೂ ಸಿಗುತ್ತದೆ. ಇದೊಂದು ಮದನಿಕೆಯ ಶಿಲ್ಪ ಎಂಬ ಮಾತು ಮಾತ್ರ ಎಲ್ಲೂ ಇರುವುದಿಲ್ಲ. ಅದು ಕ್ಯಾಮೆರಾಗೆ ಗೊತ್ತಾಗುವ ವಿಷಯವಲ್ಲ, ನಾವೇ ಬರೆಯಬೇಕು.

ಬರೆಯಲು ಕೂತರೆ ತೊಡಕು ಶುರು. ಫೋಟೋ ಬಗೆಗಿನ ಇಂಥ ಮಾಹಿತಿಗೆ ಮೆಟಾಡೇಟಾ ಎನ್ನುತ್ತಾರೆ, ಅದನ್ನು ಫೈಲಿನೊಳಗೆ ಬರೆಯುವ ಮೂರು ಮಾನದಂಡಗಳೇ ಎಕ್ಸಿಫ್, ಐಪಿಟಿಸಿ, ಎಕ್ಸ್‌ಎಂಪಿ. ಹಾಗಾಗಿ ಒಂದೇ ವಿವರಣೆಗೆ ಜೆಪೆಗ್ ಫೈಲಿನೊಳಗೆ ಮೂರು ಜಾಗಗಳಿವೆ: ಎಕ್ಸಿಫ್‌ನ ಇಮೇಜ್ ಡಿಸ್ಕ್ರಿಪ್ಷನ್, ಹಳೆಯ ಐಪಿಟಿಸಿಯ ಕ್ಯಾಪ್ಷನ್, ಎಕ್ಸ್‌ಎಂಪಿಯ ಡಿಸ್ಕ್ರಿಪ್ಷನ್. ಮೂರರಲ್ಲಿ ಮೂರು ಬೇರೆ ಮಾತು ಬರೆದಿಟ್ಟರೂ ಫೈಲು ತಕರಾರು ತೆಗೆಯುವುದಿಲ್ಲ. ಒಂದು ಸಾಫ್ಟ್‌ವೇರ್ ಮೊದಲನೆಯದನ್ನು ತೋರಿಸುತ್ತದೆ, ಇನ್ನೊಂದು ಮೂರನೆಯದನ್ನು. ವಿಂಡೋಸ್ ಇವು ಸಾಲದೆಂದು ತನ್ನದೇ ಒಂದಷ್ಟು ಟ್ಯಾಗ್‌ಗಳನ್ನು, ಅಂದರೆ ಮಾಹಿತಿ ತುಂಬುವ ಹೆಸರಿಟ್ಟ ಚೌಕಗಳನ್ನು, ಬೇರೆ ಸೇರಿಸುತ್ತದೆ. ಈ ಗೋಜಲು ಬಿಡಿಸಲೆಂದೇ 2006ರಲ್ಲಿ ಅಡೋಬಿ, ಆಪಲ್, ಕ್ಯಾನನ್, ಮೈಕ್ರೋಸಾಫ್ಟ್, ನೋಕಿಯಾ, ಸೋನಿ ಕಂಪನಿಗಳು ಮೆಟಾಡೇಟಾ ವರ್ಕಿಂಗ್ ಗ್ರೂಪ್ ಎಂಬ ಕೂಟ ಕಟ್ಟಿಕೊಂಡು, ಯಾವ ಟ್ಯಾಗ್‌ಗೆ ಯಾವುದು ಸಮ, ಮೂರರಲ್ಲಿ ಭಿನ್ನಾಭಿಪ್ರಾಯ ಬಂದರೆ ಯಾವುದನ್ನು ನಂಬಬೇಕು ಎಂದು ಮಾರ್ಗಸೂಚಿ ಬರೆದವು. ಅದನ್ನು ಪೂರ್ತಿ ಪಾಲಿಸಿದವರು ಕಡಿಮೆ.

ನಮ್ಮ ಹಾಸನ, ಚಿಕ್ಕಮಗಳೂರು ಕಡೆ ಫೋಟೋಗಳನ್ನು ಗಂಭೀರವಾಗಿ ಕೂಡಿಡುವವರು ಬಹಳ ಜನ. ಹೊಯ್ಸಳರ ಗುಡಿಗಳನ್ನು ಊರೂರು ಸುತ್ತಿ ದಾಖಲಿಸುವವರು, ಮದುವೆ ಸ್ಟುಡಿಯೋದವರು, ಭದ್ರಾ ಕಾಡಿನಲ್ಲಿ ಹಕ್ಕಿ ಹಿಂದೆ ಬಿದ್ದವರು, ಹೋಮ್‌ಸ್ಟೇ ನಡೆಸುವವರು, ಪತ್ರಿಕೆಗೆ ಫೋಟೋ ಕಳಿಸುವ ತಾಲ್ಲೂಕು ವರದಿಗಾರರು, ತೋಟದ ಮನೆಯ ಹಳೆಯ ಆಲ್ಬಮ್ ಸ್ಕ್ಯಾನ್ ಮಾಡಲು ಹೊರಟವರು. ಎಲ್ಲರಿಗೂ ಒಂದೇ ಸಲಹೆ ಹೊಂದುವುದಿಲ್ಲ. ಆದರೂ ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ: ಕ್ಯಾಮೆರಾಗೆ ಗೊತ್ತಿರುವುದನ್ನು ಎಕ್ಸಿಫ್‌ಗೆ ಬಿಡಿ, ನಿಮಗೆ ಗೊತ್ತಿರುವುದನ್ನು ಎಕ್ಸ್‌ಎಂಪಿಯಲ್ಲಿ ಬರೆಯಿರಿ, ಹಳೆಯ ಐಪಿಟಿಸಿಯನ್ನು ಯಾರಾದರೂ ಕೇಳಿದರೆ ಮಾತ್ರ ತುಂಬಿಸಿ. ಕನ್ನಡದಲ್ಲಿ ಬರೆಯುವವರಿಗಂತೂ ಬೇರೆ ದಾರಿಯೇ ಇಲ್ಲ. ಯಾಕೆ ಎಂಬುದು ಮುಂದೆ ಇದೆ.

ಎಕ್ಸಿಫ್: ಕ್ಯಾಮೆರಾ ಬರೆಯುವ ಭಾಗ

ಎಕ್ಸಿಫ್ ಜಪಾನಿನ ಎಲೆಕ್ಟ್ರಾನಿಕ್ಸ್ ಉದ್ಯಮದ ಸಂಘ 1995ರಲ್ಲಿ ರೂಪಿಸಿದ ಮಾನದಂಡ. ಕ್ಯಾಮೆರಾ ತಯಾರಿಸುವವರು ತಮಗಾಗಿ ಮಾಡಿಕೊಂಡದ್ದು, ಹಾಗಾಗಿ ಕ್ಯಾಮೆರಾಗೆ ಸಂಬಂಧಪಟ್ಟದ್ದೆಲ್ಲ ಇದರಲ್ಲಿ ಅಚ್ಚುಕಟ್ಟಾಗಿದೆ. ಅಪರ್ಚರ್, ಷಟರ್, ಫೋಕಲ್ ಲೆಂಗ್ತ್, ಲೆನ್ಸಿನ ಹೆಸರು, ಕ್ಯಾಮೆರಾ ಯಾವ ದಿಕ್ಕಿಗೆ ಮುಖ ಮಾಡಿತ್ತು ಎಂಬ ಡಿಗ್ರಿ ಕೂಡ. ಹಳೇಬೀಡಿನ ಹೊರಗೋಡೆಯ ಪಟ್ಟಿಕೆಗಳನ್ನು ಸಾಲಾಗಿ ತೆಗೆಯುವವರಿಗೆ ಈ ದಿಕ್ಕಿನ ಟ್ಯಾಗ್ ಬಹಳ ಉಪಯೋಗಕ್ಕೆ ಬರುತ್ತದೆ. ನೂರಾರು ಫೋಟೋಗಳ ಮಧ್ಯೆ ಯಾವುದು ಪಶ್ಚಿಮದ ಗೋಡೆ, ಯಾವುದು ಉತ್ತರದ್ದು ಎಂದು ಆಮೇಲೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಡಿಎಸ್‌ಎಲ್‌ಆರ್‌ಗಳಲ್ಲಿ ಸಾಮಾನ್ಯವಾಗಿ ಈ ಟ್ಯಾಗ್ ಖಾಲಿ ಇರುತ್ತದೆ, ಮೊಬೈಲ್‌ಗಳು ತುಂಬುತ್ತವೆ. ಪ್ರತಿ ಗೋಡೆಯ ಶುರುವಿನಲ್ಲಿ ಮೊಬೈಲಿನಲ್ಲೂ ಒಂದು ಫೋಟೋ ಹೊಡೆದಿಟ್ಟುಕೊಂಡರೆ ಕೆಲಸ ಹಗುರ.

ದಿನಾಂಕದ ವಿಷಯಕ್ಕೆ ಬಂದರೆ ಎಕ್ಸಿಫ್‌ಗೆ ಮೂರು ಬೇರೆ ಟ್ಯಾಗ್‌ಗಳಿವೆ. ಫೋಟೋ ತೆಗೆದದ್ದು ಯಾವಾಗ, ಡಿಜಿಟಲ್ ಆದದ್ದು ಯಾವಾಗ, ಫೈಲು ಕೊನೆಗೆ ಬದಲಾದದ್ದು ಯಾವಾಗ. ಮೊಬೈಲಿನಲ್ಲಿ ಮೊದಲ ಎರಡೂ ಒಂದೇ. ಸ್ಕ್ಯಾನ್ ಮಾಡಿದ ಫೋಟೋದಲ್ಲಿ ಅವು ಬೇರೆಯಾಗಲೇಬೇಕು, ಅದರ ಮಾತು ಮುಂದೆ ಬರುತ್ತದೆ. ಬಹಳ ವರ್ಷ ಎಕ್ಸಿಫ್ ಸಮಯಕ್ಕೆ ಟೈಮ್‌ಝೋನ್ ಎಂಬುದೇ ಇರಲಿಲ್ಲ. ಬೆಳಿಗ್ಗೆ 6 ಗಂಟೆ ಎಂದರೆ ಯಾವ ದೇಶದ 6 ಗಂಟೆ ಎಂದು ಫೈಲಿಗೆ ಗೊತ್ತಿರಲಿಲ್ಲ. 2016ರ 2.31ನೇ ಆವೃತ್ತಿಯಲ್ಲಿ ಅದಕ್ಕೆ ಪ್ರತ್ಯೇಕ ಟ್ಯಾಗ್ ಬಂತು, ಈಗಿನ ಫೋನುಗಳು ಅದರಲ್ಲಿ +05:30 ಎಂದು ಬರೆಯುತ್ತವೆ. ವಿದೇಶದಿಂದ ಬಂದ ನೆಂಟರ ಕ್ಯಾಮೆರಾ ಮತ್ತು ನಿಮ್ಮ ಫೋನಿನ ಫೋಟೋಗಳನ್ನು ಒಟ್ಟಿಗೆ ಜೋಡಿಸಿದಾಗ ತಾಳಿ ಕಟ್ಟುವ ಮೊದಲೇ ಊಟದ ಫೋಟೋ ಬಂದರೆ ಗಾಬರಿಯಾಗಬೇಡಿ. ಆ ಕ್ಯಾಮೆರಾದ ಗಡಿಯಾರ ಅಲ್ಲಿನ ಸಮಯದಲ್ಲೇ ಉಳಿದಿರುತ್ತದೆ. ಎಕ್ಸಿಫ್‌ಟೂಲ್, ಫೋಟೋ ಜೋಡಿಸಿಡುವ ಸಾಫ್ಟ್‌ವೇರ್‌ಗಳಾದ ಲೈಟ್‌ರೂಮ್, ಡಿಜಿಕ್ಯಾಮ್ ಈ ಮೂರರಲ್ಲೂ ಅಷ್ಟೂ ಫೋಟೋಗಳ ಸಮಯವನ್ನು ಒಂದೇ ಏಟಿಗೆ ಹಿಂದೆಮುಂದೆ ಸರಿಸಬಹುದು.

ಎಕ್ಸಿಫ್ ಸೋಲುವುದು ಮಾತಿನ ವಿಷಯದಲ್ಲಿ. ವಿವರಣೆ, ಫೋಟೋಗ್ರಾಫರ್ ಹೆಸರು, ಕಾಪಿರೈಟ್ ಎಂಬ ಟ್ಯಾಗ್‌ಗಳು ಇವೆ, ಆದರೆ ಅವು ಆಸ್ಕಿ ಎಂಬ ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಮೀಸಲಾಗಿದ್ದವು. ಅಂದರೆ ನಿಯಮದ ಪ್ರಕಾರ ಅಲ್ಲಿ ಕನ್ನಡಕ್ಕೆ ಪ್ರವೇಶವಿರಲಿಲ್ಲ. ಯೂಸರ್ ಕಾಮೆಂಟ್ ಎಂಬ ಒಂದು ಟ್ಯಾಗ್‌ನಲ್ಲಿ ಮಾತ್ರ ಎಲ್ಲ ಲಿಪಿಗಳನ್ನೂ ಹಿಡಿಸುವ ಯೂನಿಕೋಡ್‌ಗೆ ಅವಕಾಶವಿತ್ತು, ಅದನ್ನು ತೆರೆದು ತೋರಿಸುವ ಗ್ಯಾಲರಿ ಆಪ್‌ಗಳು ಕಡಿಮೆ. 2023ರ 3.0 ಆವೃತ್ತಿಯಲ್ಲಿ ಕೊನೆಗೂ ಯೂನಿಕೋಡನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಬಂತು. ಅದಕ್ಕೂ ಮೊದಲೇ ಎಷ್ಟೋ ಸಾಫ್ಟ್‌ವೇರ್‌ಗಳು ನಿಯಮ ಮುರಿದು ಕನ್ನಡ ತುರುಕುತ್ತಿದ್ದವು, ಕೆಲವು ಅದನ್ನು ಸರಿಯಾಗಿ ತೋರಿಸುತ್ತಲೂ ಇದ್ದವು. ಹತ್ತು ವರ್ಷದ ಮೇಲೆ ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಓದಲು ಸಿಗುತ್ತದೆ ಎಂಬ ಖಾತ್ರಿ ಮಾತ್ರ ಇಲ್ಲ. ಆದ್ದರಿಂದ ಎಕ್ಸಿಫ್‌ನಲ್ಲಿ ಹೆಸರು, ಕಾಪಿರೈಟ್ ಬರೆಯುವುದಿದ್ದರೆ ಇಂಗ್ಲಿಷ್‌ನಲ್ಲಿ ಬರೆಯಿರಿ. ಬಹುತೇಕ ಡಿಎಸ್‌ಎಲ್‌ಆರ್‌ಗಳ ಮೆನುವಿನಲ್ಲೇ ಅದನ್ನು ಒಮ್ಮೆ ತುಂಬಿಟ್ಟರೆ ಪ್ರತಿ ಫೋಟೋಗೂ ತಾನಾಗಿ ಸೇರಿಕೊಳ್ಳುತ್ತದೆ.

ಹಳೆಯ ಐಪಿಟಿಸಿ, ಅಥವಾ ಚಿಕ್ಕಮಗಳೂರು ಹಿಡಿಸದ ಚೌಕ

ಐಪಿಟಿಸಿ ಎಂಬುದು 1965ರಲ್ಲಿ ಹುಟ್ಟಿದ ಸುದ್ದಿಸಂಸ್ಥೆಗಳ ಅಂತರರಾಷ್ಟ್ರೀಯ ಕೂಟ. ಹಳೆಯ ಐಪಿಟಿಸಿ ಎಂದು ನಾನು ಹೇಳುತ್ತಿರುವುದು ಐಐಎಂ ಎಂಬ ಅವರ ಮಾದರಿಯನ್ನು, ಅದು 1990ರ ದಶಕದ ಶುರುವಿನದು. ಫೋಟೋಶಾಪ್ ಅದರ ಫೀಲ್ಡ್‌ಗಳನ್ನು (ಇವೂ ಟ್ಯಾಗ್‌ನಂಥ ಚೌಕಗಳೇ) ಫೈಲ್ ಇನ್ಫೋ ಎಂಬ ಕಿಟಕಿಯಲ್ಲಿ ತೋರಿಸಲು ಶುರುಮಾಡಿದ ಮೇಲೆ ಪತ್ರಿಕಾ ಛಾಯಾಗ್ರಾಹಕರಿಗೆ ಅದೇ ರೂಢಿಯಾಯಿತು. ಹೆಡ್‌ಲೈನ್, ಕ್ಯಾಪ್ಷನ್, ಬೈಲೈನ್ (ಫೋಟೋ ತೆಗೆದವರ ಹೆಸರು), ಕ್ರೆಡಿಟ್, ನಗರ, ರಾಜ್ಯ, ದೇಶ, ಕೀವರ್ಡ್: ಸುದ್ದಿಮನೆಗೆ ಬೇಕಾದದ್ದೆಲ್ಲ ಇದೆ.

ಆದರೆ ಇದು ಹಳೆಯ ಸರ್ಕಾರಿ ಅರ್ಜಿಯ ಚೌಕಗಳ ಹಾಗೆ, ಒಂದೊಂದಕ್ಕೂ ಉದ್ದದ ಮಿತಿ ಇದೆ. ಬೈಲೈನ್‌ಗೆ 32 ಬೈಟ್, ನಗರಕ್ಕೆ 32, ನಗರದೊಳಗಿನ ಜಾಗಕ್ಕೆ 32, ಒಂದು ಕೀವರ್ಡ್‌ಗೆ 64, ಕಾಪಿರೈಟ್‌ಗೆ 128, ಕ್ಯಾಪ್ಷನ್‌ಗೆ 2000. ಇಂಗ್ಲಿಷ್‌ನಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್, ಹಾಗಾಗಿ 32 ಧಾರಾಳ. ಕನ್ನಡಕ್ಕೆ ಯುಟಿಎಫ್-8ರಲ್ಲಿ ಪ್ರತಿ ಸಂಕೇತಕ್ಕೂ 3 ಬೈಟ್. ಅಕ್ಷರಕ್ಕೆ ಬೇರೆ, ಅದರ ಕೊಂಬಿಗೆ ಬೇರೆ, ಒತ್ತಕ್ಷರದ ನಡುವಿನ ಅರ್ಧಚಿಹ್ನೆಗೆ ಬೇರೆ.

ಚಿಕ್ಕಮಗಳೂರು ಎಂದು ಬರೆದು ಎಣಿಸಿ ನೋಡಿ. ಚ, ಗುಡಿಸು, ಕ, ವಿರಾಮದ ಚಿಹ್ನೆ, ಇನ್ನೊಂದು ಕ, ಮ, ಗ, ಳ, ಅದರ ದೀರ್ಘದ ಕೊಂಬು, ರ, ಕೊನೆಯ ಕೊಂಬು. ಒಟ್ಟು 11 ಸಂಕೇತ, 33 ಬೈಟ್. ಮಿತಿಗಿಂತ ಸರಿಯಾಗಿ ಒಂದು ಬೈಟ್ ಜಾಸ್ತಿ! ನಿಯಮ ಪಾಲಿಸುವ ಸಾಫ್ಟ್‌ವೇರು ಕೊನೆಯ ಕೊಂಬನ್ನು ಕತ್ತರಿಸಿ ಚಿಕ್ಕಮಗಳೂರ ಎಂದು ಉಳಿಸುತ್ತದೆ, ಇಲ್ಲವೇ ಕೊನೆಯಲ್ಲಿ ಒಂದು ಒಡೆದ ಚಿಹ್ನೆ ಬಿಡುತ್ತದೆ. ಶ್ರವಣಬೆಳಗೊಳವೂ 33ಕ್ಕೇ ಬರುತ್ತದೆ, ಚನ್ನರಾಯಪಟ್ಟಣ 36. ಹಾಸನ 12, ಬೇಲೂರು 18, ಹಳೇಬೀಡು 21, ಸಕಲೇಶಪುರ, ಮೂಡಿಗೆರೆ ಎರಡೂ 24, ಇವರೆಲ್ಲ ಪಾರು. ಗುಡಿಯ ಹೆಸರಿಗೆ ಇರುವ ಚೌಕದಲ್ಲಿ ಹೊಯ್ಸಳೇಶ್ವರ ಎಂಬಷ್ಟೇ 33 ಆಗಿ, ದೇವಾಲಯ ಎಂದು ಸೇರಿಸುವ ಮಾತೇ ಇಲ್ಲ.

ಮಿತಿಯನ್ನು ಲೆಕ್ಕಿಸದ ಸಾಫ್ಟ್‌ವೇರ್‌ಗಳೂ ಇವೆ. ಅವುಗಳಲ್ಲಿ ಪೂರ್ತಿ ಹೆಸರು ಕೂರುತ್ತದೆ, ಸಾಲಿನಲ್ಲಿ ಮುಂದಿನ ಸಾಫ್ಟ್‌ವೇರು ಏನು ಮಾಡುತ್ತದೆ ಎಂಬುದು ಅದರ ಇಷ್ಟ. ಇನ್ನೊಂದು ಕಾಟ ಅಕ್ಷರಸಂಕೇತದ್ದು. ಐಐಎಂ ಭಾಗದಲ್ಲಿ ಯುಟಿಎಫ್-8 ಬಳಸಿದ್ದೇನೆ ಎಂದು ಸೂಚಿಸುವ ಪ್ರತ್ಯೇಕ ಟ್ಯಾಗ್ ಇದೆ. ಅದನ್ನು ಬರೆಯದೆ ಬಿಟ್ಟ ಫೈಲಿನಲ್ಲಿ ಕನ್ನಡ ಕ್ಯಾಪ್ಷನ್ ಗುರುತು ಸಿಗದ ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಅಂಥದ್ದನ್ನು ಕಂಡರೆ ಫೋಟೋ ಹಾಳಾಗಿದೆ ಎಂದು ಅಳಿಸಬೇಡಿ. ಬೈಟ್‌ಗಳು ಸಾಮಾನ್ಯವಾಗಿ ಸರಿಯಾಗೇ ಇರುತ್ತವೆ, ಯುಟಿಎಫ್-8 ಎಂದು ಹೇಳಿ ಓದಿಸಿದರೆ ಕನ್ನಡ ವಾಪಸ್ ಬರುತ್ತದೆ.

ಐಪಿಟಿಸಿ ಕೂಟವೇ ಈಗ ಐಐಎಂ ಅನ್ನು ಹಳೆಯದೆಂದು ಬದಿಗಿಟ್ಟಿದೆ. ಅವೇ ಫೀಲ್ಡ್‌ಗಳನ್ನು 2005ರಲ್ಲಿ ಐಪಿಟಿಸಿ ಕೋರ್ ಎಂಬ ಹೆಸರಿನಲ್ಲಿ, 2008ರಲ್ಲಿ ಐಪಿಟಿಸಿ ಎಕ್ಸ್‌ಟೆನ್ಷನ್ ಎಂಬ ಇನ್ನಷ್ಟು ಫೀಲ್ಡ್‌ಗಳೊಂದಿಗೆ ಎಕ್ಸ್‌ಎಂಪಿಯೊಳಗೆ ತಂದಿತು. ಅಲ್ಲಿ ಈ ಬೈಟ್ ಮಿತಿಗಳಿಲ್ಲ. ಆದ್ದರಿಂದ ಯಾರಾದರೂ ಐಪಿಟಿಸಿ ತುಂಬಿ ಕಳಿಸಿ ಎಂದರೆ ಯಾವ ಐಪಿಟಿಸಿ ಎಂದು ಕೇಳುವುದು ಒಳ್ಳೆಯದು. ಬಹಳ ಸಲ ಅವರಿಗೂ ಗೊತ್ತಿರುವುದಿಲ್ಲ, ಎರಡನ್ನೂ ತುಂಬುವ ಸಾಫ್ಟ್‌ವೇರ್ ಬಳಸಿಬಿಟ್ಟರೆ ಮುಗಿಯಿತು.

ಎಕ್ಸ್‌ಎಂಪಿ: ಕನ್ನಡಕ್ಕೆ ಜಾಗ ಇರುವುದು ಇಲ್ಲಿ

ಅಡೋಬಿ 2001ರಲ್ಲಿ ಹೊರತಂದ ಎಕ್ಸ್‌ಎಂಪಿ 2012ರಲ್ಲಿ ಐಎಸ್‌ಒ ಮಾನದಂಡವಾಯಿತು. ಒಳಗಿರುವುದು ಎಕ್ಸ್‌ಎಂಎಲ್ ಎಂಬ ಪಠ್ಯರೂಪ, ಯುಟಿಎಫ್-8 ಅದರ ರೂಢಿ. ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಒಂದೇ ವಿವರಣೆಯನ್ನು ಹಲವು ಭಾಷೆಗಳಲ್ಲಿ ಒಟ್ಟಿಗೆ ಇಡುವ ಸೌಲಭ್ಯ. ಶೀರ್ಷಿಕೆ, ವಿವರಣೆ, ಹಕ್ಕುಗಳ ಸೂಚನೆ ಈ ಮೂರಕ್ಕೂ ಕನ್ನಡದ್ದೊಂದು, ಇಂಗ್ಲಿಷ್‌ನದೊಂದು, ಭಾಷೆ ಹೇಳದ ಪೂರ್ವನಿಯೋಜಿತ (ಡಿಫಾಲ್ಟ್) ಪಾಠ ಒಂದು ಎಂದು ಬರೆದಿಡಬಹುದು. ಸಾಮಾನ್ಯ ಆಪ್‌ಗಳು ಪೂರ್ವನಿಯೋಜಿತವನ್ನಷ್ಟೇ ತೋರಿಸುವುದರಿಂದ ಅದರಲ್ಲಿ ಏನಿರಬೇಕೆಂದು ಮೊದಲೇ ನಿರ್ಧರಿಸಿ. ಊರಿನವರಿಗೆ ಇಡುವ ಸಂಗ್ರಹವಾದರೆ ಕನ್ನಡ ಇರಲಿ, ಹೊರಗಿನವರಿಗೆ ಮಾರುವ ಫೋಟೋ ಆದರೆ ಇಂಗ್ಲಿಷ್. ಡಿಜಿಕ್ಯಾಮ್‌ನಲ್ಲಿ ಭಾಷೆ ಆರಿಸಿ ಬರೆಯುವ ಆಯ್ಕೆ ಕಣ್ಣೆದುರೇ ಇದೆ, ದುಡ್ಡೂ ಕೊಡಬೇಕಿಲ್ಲ.

ಕೀವರ್ಡ್‌ಗಳಿಗೆ ಮಾತ್ರ ಈ ಭಾಷೆಯ ಏರ್ಪಾಡು ಇಲ್ಲ, ಎಲ್ಲ ಒಂದೇ ಚೀಲಕ್ಕೆ ಬೀಳುತ್ತವೆ. ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಹಾಕಿ. ಇಂಗ್ಲಿಷ್‌ನಲ್ಲಿ ಚಿಕ್ಕಮಗಳೂರಿನ ಸ್ಪೆಲಿಂಗ್ 2014ರ ನವೆಂಬರ್ 1ರಂದು ಸರ್ಕಾರದಿಂದಲೇ ಬದಲಾಯಿತು. ಹಳೆಯ ಸ್ಪೆಲಿಂಗಿನಲ್ಲಿ ಹುಡುಕುವವರು ಈಗಲೂ ಇದ್ದಾರೆ, ಅದನ್ನೂ ಸೇರಿಸಿ. ಹಳೇಬೀಡಿನ ಇಂಗ್ಲಿಷ್ ರೂಪಗಳಂತೂ ಬೋರ್ಡಿಗೊಂದು. ಈ ತಲೆನೋವು ಬೇಡ ಎನ್ನುವವರಿಗೆ ಐಪಿಟಿಸಿ ಎಕ್ಸ್‌ಟೆನ್ಷನ್‌ನಲ್ಲಿ ಜಾಗದ ಗುರುತುಕೊಂಡಿ ಎಂಬ ಫೀಲ್ಡ್ ಇದೆ. ವಿಕಿಡೇಟಾ ಎಂಬ ಮುಕ್ತ ಮಾಹಿತಿಕೋಶದಲ್ಲಿ ಆ ಊರಿಗಿರುವ ಪುಟದ ವಿಳಾಸ ಅಲ್ಲಿ ಹಾಕಿದರೆ ಸ್ಪೆಲಿಂಗ್ ಏನೇ ಇರಲಿ, ಊರು ಒಂದೇ ಎಂದು ಯಂತ್ರಕ್ಕೂ ತಿಳಿಯುತ್ತದೆ.

ಎಕ್ಸ್‌ಟೆನ್ಷನ್‌ನ ಇನ್ನೊಂದು ಜಾಣತನ, ಫೋಟೋ ತೆಗೆದ ಜಾಗ ಮತ್ತು ಫೋಟೋದಲ್ಲಿ ಕಾಣುವ ಜಾಗ ಎಂದು ಎರಡು ಮಾಡಿರುವುದು. ಸೀತಾಳಯ್ಯನಗಿರಿಯಲ್ಲಿ ನಿಂತು ಮುಳ್ಳಯ್ಯನಗಿರಿಯ ಫೋಟೋ ತೆಗೆದರೆ ಜಿಪಿಎಸ್ ಹೇಳುವುದು ಸೀತಾಳಯ್ಯನಗಿರಿಯನ್ನು. ಮ್ಯಾಪಿನಲ್ಲಿ ಮುಳ್ಳಯ್ಯನಗಿರಿ ಹುಡುಕಿದವರಿಗೆ ಅದು ಸಿಗುವುದೇ ಇಲ್ಲ. ಮಲೆನಾಡಿನಲ್ಲಿ ಬೆಟ್ಟದಿಂದ ಬೆಟ್ಟ ತೆಗೆಯುವುದೇ ಹೆಚ್ಚಾದ್ದರಿಂದ ಈ ಎರಡು ಫೀಲ್ಡ್‌ಗಳನ್ನು ಬಿಡದೆ ತುಂಬುವುದು ವಾಸಿ.

ರಾ ಫೈಲುಗಳಲ್ಲಿ, ಅಂದರೆ ಕ್ಯಾಮೆರಾ ಸಂಸ್ಕರಿಸದೆ ಕೊಡುವ ಮೂಲ ಫೈಲುಗಳಲ್ಲಿ, ತೆಗೆಯುವವರಿಗೆ ಒಂದು ಎಚ್ಚರಿಕೆ. ಹೆಚ್ಚಿನ ಸಾಫ್ಟ್‌ವೇರ್‌ಗಳು ರಾ ಫೈಲಿನೊಳಗೆ ಕೈ ಹಾಕದೆ ಪಕ್ಕದಲ್ಲಿ ಎಕ್ಸ್‌ಎಂಪಿ ಎಂಬ ಪುಟ್ಟ ಫೈಲು ಮಾಡಿ ಅದರಲ್ಲಿ ಬರೆಯುತ್ತವೆ, ಇದನ್ನೇ ಸೈಡ್‌ಕಾರ್ ಎನ್ನುವುದು. ಹಾರ್ಡ್‌ಡಿಸ್ಕ್ ಬದಲಿಸುವಾಗ ಫೋಟೋಗಳನ್ನಷ್ಟೇ ಆರಿಸಿ ನಕಲಿಸಿದರೆ ಬರೆದದ್ದೆಲ್ಲ ಹಳೆಯ ಡಿಸ್ಕಿನಲ್ಲೇ ಉಳಿಯುತ್ತದೆ. ಹೆಸರಿನ ಕ್ರಮದಲ್ಲೂ ಒಮ್ಮತವಿಲ್ಲ. ಲೈಟ್‌ರೂಮ್ ಫೈಲಿನ ಬಾಲವನ್ನು ತೆಗೆದು ಆ ಜಾಗಕ್ಕೆ ಎಕ್ಸ್‌ಎಂಪಿ ಎಂದು ಹಾಕುತ್ತದೆ, ಡಾರ್ಕ್‌ಟೇಬಲ್ ಬಾಲವನ್ನು ಹಾಗೇ ಇಟ್ಟು ಅದರ ನಂತರ ಎಕ್ಸ್‌ಎಂಪಿ ಸೇರಿಸುತ್ತದೆ. ಎರಡನ್ನೂ ಬಳಸಿದರೆ ಒಂದೇ ಫೋಟೋಗೆ ಎರಡು ಸೈಡ್‌ಕಾರ್ ಹುಟ್ಟಿ, ಯಾವುದರಲ್ಲಿ ಹೊಸ ತಿದ್ದುಪಡಿ ಇದೆ ಎಂದು ಗೊತ್ತಾಗದೆ ಒದ್ದಾಡಬೇಕು. ಒಂದನ್ನು ಆರಿಸಿ ಅದಕ್ಕೇ ಅಂಟಿಕೊಳ್ಳಿ.

ಶಿಲ್ಪಿ ಯಾರು, ಫೋಟೋಗ್ರಾಫರ್ ಯಾರು

ಗುಡಿ ದಾಖಲಿಸುವವರಿಗೆ ಬರುವ ಪ್ರಶ್ನೆ ಬೇರೆಯವರಿಗೆ ಬರುವುದಿಲ್ಲ. ಬೇಲೂರಿನ ಕೆಲವು ಮದನಿಕೆಗಳ ಕೆಳಗೆ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣರ ಹೆಸರುಗಳಿವೆ. ಆ ಶಿಲ್ಪದ ಫೋಟೋದಲ್ಲಿ ಕ್ರಿಯೇಟರ್ ಎಂಬ ಫೀಲ್ಡ್‌ಗೆ ದಾಸೋಜನ ಹೆಸರೋ, ನಿಮ್ಮ ಹೆಸರೋ? ದಿನಾಂಕ 12ನೇ ಶತಮಾನವೋ, ಕಳೆದ ಭಾನುವಾರವೋ?

ಗ್ರಂಥಾಲಯಗಳಲ್ಲಿ ಚಾಲ್ತಿಯಲ್ಲಿರುವ ಡಬ್ಲಿನ್ ಕೋರ್ ಇಲ್ಲಿ ಕೈಕೊಡುತ್ತದೆ. ಅಮೆರಿಕದ ಒಹಾಯೋ ರಾಜ್ಯದ ಡಬ್ಲಿನ್ ಊರಿನಲ್ಲಿ 1995ರಲ್ಲಿ ನಡೆದ ಕಾರ್ಯಾಗಾರದಿಂದ ಬಂದ ಈ 15 ಅಂಶಗಳ ಪಟ್ಟಿ ಸರಳವಾಗಿದೆ, ಕಾಲೇಜು ಲೈಬ್ರರಿಗಳ ಡಿಜಿಟಲ್ ಸಂಗ್ರಹಗಳಲ್ಲಿ ಸಲೀಸಾಗಿ ಕೂರುತ್ತದೆ. ಎಕ್ಸ್‌ಎಂಪಿಯ ಶೀರ್ಷಿಕೆ, ವಿವರಣೆ, ಕ್ರಿಯೇಟರ್ ಎಲ್ಲ ಇದರಿಂದಲೇ ಎರವಲು ತಂದವು. ಆದರೆ ವಸ್ತುವಿಗೊಂದು, ಅದರ ಚಿತ್ರಕ್ಕೊಂದು ಎಂದು ಬೇರೆ ಬೇರೆ ದಾಖಲೆ ಇಡದೆ ಎಲ್ಲವನ್ನೂ ಒಂದೇ ಫೋಟೋಗೆ ಹಚ್ಚಿದರೆ ಶಿಲ್ಪಿಯೂ ಫೋಟೋಗ್ರಾಫರನೂ ಒಂದೇ ಫೀಲ್ಡಿನಲ್ಲಿ ಕಲೆತುಹೋಗುತ್ತಾರೆ.

ಇದಕ್ಕೆಂದೇ ಇರುವುದು ವಿಆರ್‌ಎ ಕೋರ್ ಎಂಬ, ಕಲಾಕೃತಿಗಳ ಚಿತ್ರಗಳಿಗಾಗಿ ಮಾಡಿದ ಮಾನದಂಡ. 2007ರ 4.0 ಆವೃತ್ತಿಯಲ್ಲಿ ಕೃತಿ, ಚಿತ್ರ, ಸಂಗ್ರಹ ಎಂದು ಮೂರು ಬಗೆಯ ದಾಖಲೆಗಳು. ಕಲಾ ಇತಿಹಾಸದ ವಿಭಾಗಗಳಿಗೆ ಹೇಳಿ ಮಾಡಿಸಿದ್ದು. ಒಬ್ಬಂಟಿಯಾಗಿ ಶನಿವಾರ ಭಾನುವಾರ ಗುಡಿ ಸುತ್ತುವವರಿಗೆ ಅದರ ಎಕ್ಸ್‌ಎಂಎಲ್ ಕಾಟ ಅತಿಯಾಯಿತು. ಫೋಟೋ ಫೈಲಿನೊಳಗೆ ಅದು ತಾನಾಗಿ ಕೂರುವುದೂ ಇಲ್ಲ, ಬೇರೆ ಡೇಟಾಬೇಸ್ ಬೇಕು.

ಮಧ್ಯದ ದಾರಿ ಐಪಿಟಿಸಿ ಎಕ್ಸ್‌ಟೆನ್ಷನ್‌ನಲ್ಲೇ ಇದೆ, ಅದನ್ನು ಗಮನಿಸಿದವರು ಕಡಿಮೆ. ಚಿತ್ರದಲ್ಲಿರುವ ಕಲಾಕೃತಿ ಅಥವಾ ವಸ್ತು ಎಂಬ ಒಂದು ಗುಂಪು ಫೀಲ್ಡ್‌ಗಳು. ಅದರೊಳಗೆ ಕೃತಿಯ ಹೆಸರು, ಕೃತಿಯನ್ನು ಮಾಡಿದವರು, ಮಾಡಿದ ಕಾಲ, ಕಾಲ ಖಚಿತವಿಲ್ಲದಿದ್ದರೆ ಅಂದಾಜು ಕಾಲ, ಕೃತಿಯನ್ನು ಇಟ್ಟುಕೊಂಡಿರುವ ಸಂಸ್ಥೆ ಎಂದೆಲ್ಲ ಬೇರೆ ಬೇರೆ ಚೌಕಗಳು. ದಾಸೋಜ ಅಲ್ಲಿ ಕೂರುತ್ತಾನೆ, ನೀವು ಹೊರಗಿನ ಕ್ರಿಯೇಟರ್‌ನಲ್ಲಿ. ಗುಡಿಯ ಪ್ರತಿಷ್ಠೆ 1117ರಲ್ಲಿ ಆದದ್ದರಿಂದ ಪ್ರತಿ ಶಿಲ್ಪಕ್ಕೂ ಅದೇ ವರ್ಷ ಅಂಟಿಸುವ ಬದಲು ಅಂದಾಜು ಕಾಲದ ಚೌಕದಲ್ಲಿ 12ನೇ ಶತಮಾನ ಎಂದು ಬರೆಯುವುದು ಪ್ರಾಮಾಣಿಕ. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಈ ಗುಡಿಗಳ ಫೋಟೋಗಳಿಗೇನೂ ಬರವಿಲ್ಲ. ಯಾವ ಶಿಲ್ಪ, ಯಾವ ಗೋಡೆ, ಎಷ್ಟನೆಯ ಪಟ್ಟಿಕೆ ಎಂದು ಫೈಲಿನೊಳಗೇ ಹೇಳುವ ಫೋಟೋ ಸಿಗುವುದು ಅಪರೂಪ.

ಆಲ್ಬಮ್ಮಿನ ಹಳೆಯ ಫೋಟೋ

ತೋಟದ ಮನೆಯ ಕಪಾಟಿನಲ್ಲಿ ಒಂದು ಕಪ್ಪುಬಿಳುಪು ಪ್ರಿಂಟ್ ಸಿಕ್ಕಿತು ಎನ್ನಿ. ಹಿಂದೆ ಶಾಯಿಯಲ್ಲಿ ಇಂದಿರಾ ಗಾಂಧಿ, ಚಿಕ್ಕಮಗಳೂರು, ಉಪಚುನಾವಣೆ ಎಂದಿದೆ. ಉಪಚುನಾವಣೆ 1978ರ ನವೆಂಬರ್‌ನಲ್ಲಿ ನಡೆದದ್ದು, ಫೋಟೋ ಪ್ರಚಾರದ ಸಮಯದ್ದಾದರೆ ಅದಕ್ಕೂ ಸ್ವಲ್ಪ ಮೊದಲಿನದು ಇರಬಹುದು. ಸ್ಕ್ಯಾನ್ ಮಾಡಿದ ಕೂಡಲೇ ಸಾಫ್ಟ್‌ವೇರು ಇವತ್ತಿನ ತಾರೀಖು ಹಚ್ಚುತ್ತದೆ, ಗ್ಯಾಲರಿಯಲ್ಲಿ ಇಂದಿರಾ ಗಾಂಧಿ ನಿನ್ನೆಯ ಬರ್ತ್‌ಡೇ ಕೇಕಿನ ಪಕ್ಕ ಬಂದು ನಿಲ್ಲುತ್ತಾರೆ.

ಎಕ್ಸಿಫ್ ಇಲ್ಲಿ ಒಗ್ಗುವುದಿಲ್ಲ, ಅದಕ್ಕೆ ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡ್ ಎಲ್ಲ ಬೇಕು. ಗೊತ್ತಿಲ್ಲದ ಭಾಗವನ್ನು ಖಾಲಿ ಬಿಡಬಹುದು ಎಂದು ನಿಯಮದಲ್ಲಿದ್ದರೂ ಅದನ್ನು ಅರ್ಥ ಮಾಡಿಕೊಳ್ಳುವ ಆಪ್‌ಗಳು ಎಲ್ಲಿವೆ? ಎಕ್ಸ್‌ಎಂಪಿಯಲ್ಲಿ 1978 ಎಂದಷ್ಟೇ ಬರೆದರೂ ಸರಿ, ತಿಂಗಳು ಗೊತ್ತಿದ್ದರೆ 1978-11 ಎಂದರೂ ಸರಿ. ಹಳೆಯ ಐಐಎಂ ಕೂಡ ಈ ಒಂದು ವಿಷಯದಲ್ಲಿ ಉದಾರಿ, ಗೊತ್ತಿಲ್ಲದ ತಿಂಗಳು ದಿನಗಳಿಗೆ ಸೊನ್ನೆ ಹಾಕಿ 19780000 ಎನ್ನಬಹುದು. ಗ್ಯಾಲರಿಯಲ್ಲಿ ಸರಿಯಾದ ಸಾಲಿನಲ್ಲಿ ಬರಲಿ ಎಂದು ಎಕ್ಸಿಫ್‌ನ ಫೋಟೋ ತೆಗೆದ ದಿನಾಂಕಕ್ಕೆ 1978:11:01 ಎಂದು ಕೊಟ್ಟರೆ ತಪ್ಪಿಲ್ಲ, ವಿವರಣೆಯಲ್ಲಿ ದಿನ ಅಂದಾಜಿನದು ಎಂದು ಬರೆಯಿರಿ. ಡಿಜಿಟಲ್ ಆದ ದಿನಾಂಕವನ್ನು ಸ್ಕ್ಯಾನ್ ಮಾಡಿದ ದಿನಕ್ಕೇ ಬಿಡಿ. ಪ್ರಿಂಟಿನ ಹಿಂದಿನ ಬರಹವನ್ನು ಇದ್ದ ಹಾಗೇ, ಕಾಗುಣಿತದ ತಪ್ಪನ್ನೂ ತಿದ್ದದೆ, ವಿವರಣೆಗೆ ಇಳಿಸಿ. ಐಪಿಟಿಸಿಯಲ್ಲಿ ಡಿಜಿಟಲ್ ಸೋರ್ಸ್ ಟೈಪ್ ಎಂಬ ಫೀಲ್ಡ್ ಇದೆ. ಕ್ಯಾಮೆರಾದಿಂದ ಬಂದದ್ದು, ಪ್ರಿಂಟ್ ಸ್ಕ್ಯಾನ್ ಮಾಡಿದ್ದು, ಎಐ ಹುಟ್ಟಿಸಿದ್ದು ಎಂದು ಗುರುತು ಹಾಕಲು. ಹಳೆಯ ಫೋಟೋಗೆ ಬಣ್ಣ ತುಂಬಿಸುವ ಆಪ್‌ಗಳು ಮನೆಮನೆಗೂ ಬಂದಿರುವ ಈ ಕಾಲದಲ್ಲಿ ಅದನ್ನು ತುಂಬದೆ ಬಿಡಬೇಡಿ.

ಉಳಿದ ಫೈಲ್ ಬಗೆಗಳು

ಟಿಫ್ ಎಂಬ ಬಗೆ ಎಕ್ಸಿಫ್, ಐಪಿಟಿಸಿ, ಎಕ್ಸ್‌ಎಂಪಿ ಮೂರನ್ನೂ ಹೊರುತ್ತದೆ, ಎಕ್ಸಿಫ್ ಕಟ್ಟಿರುವುದೇ ಟಿಫ್‌ನ ಟ್ಯಾಗ್ ರಚನೆಯ ಮೇಲೆ. ಸ್ಕ್ಯಾನ್‌ಗೆ ಅದೇ ಒಳ್ಳೆಯದು. ಐಫೋನಿನ ಹೀಕ್, ವೆಬ್‌ಪಿ ಎರಡರಲ್ಲೂ ಎಕ್ಸಿಫ್, ಎಕ್ಸ್‌ಎಂಪಿ ಕೂರುತ್ತವೆ. ಪಿಎನ್‌ಜಿ ತನ್ನದೇ ಪಠ್ಯದ ತುಣುಕುಗಳನ್ನು ಇಟ್ಟುಕೊಂಡಿದೆ, ಅವುಗಳಲ್ಲಿ ಯುಟಿಎಫ್-8 ಬಗೆಯದು ಮಾತ್ರ ಕನ್ನಡಕ್ಕೆ ಆಗುತ್ತದೆ. ಪಿಎನ್‌ಜಿಯಲ್ಲಿ ಎಕ್ಸಿಫ್‌ಗೆ ಅಧಿಕೃತ ಜಾಗ ಸಿಕ್ಕಿದ್ದು 2017ರಲ್ಲಿ. ಫೋಟೋ ಸಂಗ್ರಹಕ್ಕೆ ಪಿಎನ್‌ಜಿ ಬಳಸುವ ಅಗತ್ಯ ನನಗಂತೂ ಕಂಡಿಲ್ಲ.

ಬರೆದದ್ದು ಎಲ್ಲಿ ಉಳಿಯುತ್ತದೆ

ಮಾನದಂಡಕ್ಕಿಂತ ಹೆಚ್ಚು ಜನರನ್ನು ಕಾಡುವುದು ಇದು. ಗೂಗಲ್ ಫೋಟೋಸ್‌ನಲ್ಲಿ ಕೂತು ಒಂದೊಂದಕ್ಕೂ ವಿವರಣೆ ಬರೆದರೆ ಅದು ಗೂಗಲ್‌ನ ಬಳಿ ಇರುತ್ತದೆ, ಫೋಟೋ ಫೈಲಿನೊಳಗೆ ಹೋಗುವುದಿಲ್ಲ. ಗೂಗಲ್‌ನ ಟೇಕ್‌ಔಟ್ ಎಂಬ ಡೌನ್‌ಲೋಡ್ ಸೌಲಭ್ಯದ ಮೂಲಕ ಎಲ್ಲ ಇಳಿಸಿಕೊಂಡರೆ ಫೋಟೋ ಒಂದು ಕಡೆ, ವಿವರಣೆ ಪಕ್ಕದ ಜೇಸನ್ ಎಂಬ ಪಠ್ಯದ ಫೈಲಿನಲ್ಲಿ. ಲೈಟ್‌ರೂಮ್ ಕ್ಲಾಸಿಕ್ ಕೂಡ ಮೊದಲು ತನ್ನ ಕ್ಯಾಟಲಾಗಿನಲ್ಲೇ ಇಟ್ಟುಕೊಳ್ಳುತ್ತದೆ. ಫೈಲಿಗೆ ಬರೆಯಲು ಕಂಟ್ರೋಲ್ ಎಸ್ ಒತ್ತಬೇಕು, ಇಲ್ಲವೇ ಸೆಟ್ಟಿಂಗ್‌ನಲ್ಲಿ ತಾನಾಗಿ ಎಕ್ಸ್‌ಎಂಪಿಗೆ ಬರೆಯುವ ಆಯ್ಕೆಗೆ ಟಿಕ್ ಹಾಕಬೇಕು. ಡಿಜಿಕ್ಯಾಮ್‌ನಲ್ಲೂ ಮೆಟಾಡೇಟಾ ಸೆಟ್ಟಿಂಗ್‌ಗೆ ಹೋಗಿ ಫೈಲಿಗೆ ಏನೇನು ಬರೆಯಬೇಕೆಂದು ನೋಡಿಕೊಳ್ಳಿ.

ಇನ್ನು ವಾಟ್ಸಾಪ್. ಫೋಟೋ ಎಂದು ಕಳಿಸಿದರೆ ಮೆಟಾಡೇಟಾ ಕಿತ್ತುಹಾಕುತ್ತದೆ, ಗುಣಮಟ್ಟವನ್ನೂ ತಗ್ಗಿಸುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಫೈಲು ಇದ್ದ ಹಾಗೇ ಹೋಗುತ್ತದೆ. ವಾಟ್ಸಾಪಿನಿಂದ ಬಂದ ಫೋಟೋದ ಹೆಸರಿನಲ್ಲಿರುವ ತಾರೀಖು ಅದು ವಾಟ್ಸಾಪಿಗೆ ಬಂದ ದಿನದ್ದು, ತೆಗೆದ ದಿನದ್ದಲ್ಲ. 2018ರ ಮಹಾಮಸ್ತಕಾಭಿಷೇಕದ ಫೋಟೋ ಇವತ್ತು ಫಾರ್ವರ್ಡ್ ಆಗಿ ಬಂದರೆ ಇವತ್ತಿನ ಹೆಸರು ಹೊತ್ತು ಬರುತ್ತದೆ.

ಯಾರಿಗೆ ಯಾವುದು

ಮದುವೆ ಸ್ಟುಡಿಯೋದವರು ಎಲ್ಲಕ್ಕಿಂತ ಮೊದಲು ಹಕ್ಕಿನ ಫೀಲ್ಡ್‌ಗಳ ಕಡೆ ನೋಡಬೇಕು. ಫೋಟೋಗ್ರಾಫರ್ ಹೆಸರು ಒಂದು ಫೀಲ್ಡ್, ಕಾಪಿರೈಟ್ ಸೂಚನೆ ಇನ್ನೊಂದು, ಕ್ರೆಡಿಟ್ ಸಾಲು ಮತ್ತೊಂದು. ಮೂರರಲ್ಲೂ ಸ್ಟುಡಿಯೋ ಹೆಸರೇ ಹಾಕುವುದು ರೂಢಿ. ಆದರೆ 1957ರ ಕಾಪಿರೈಟ್ ಕಾಯ್ದೆಯ 17(ಬಿ) ಪ್ರಕಾರ ದುಡ್ಡು ಕೊಟ್ಟು ತೆಗೆಸಿದ ಫೋಟೋಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಹಕ್ಕುದಾರರು ತೆಗೆಸಿದವರೇ. ಬುಕಿಂಗ್ ಫಾರಂನಲ್ಲಿ ಹಕ್ಕಿನ ಮಾತು ಬರೆಸಿಕೊಳ್ಳದೆ ಫೈಲಿನಲ್ಲಿ ಮಾತ್ರ ಕಾಪಿರೈಟ್ ನಮ್ಮದು ಎಂದರೆ ಅದು ನಿಲ್ಲುವುದು ಕಷ್ಟ. ಸರಿಯಾಗಿ ಬರೆದಿಟ್ಟ ಹಕ್ಕಿನ ಮಾಹಿತಿಗೆ ಕಾನೂನಿನ ಬಲವೂ ಇದೆ. 2012ರ ತಿದ್ದುಪಡಿಯಲ್ಲಿ ಸೇರಿದ 65ಬಿ ವಿಧಿಯ ಪ್ರಕಾರ ಅಧಿಕಾರವಿಲ್ಲದೆ, ಗೊತ್ತಿದ್ದೂ ಅದನ್ನು ಅಳಿಸುವುದು ಅಥವಾ ಬದಲಿಸುವುದು ಶಿಕ್ಷಾರ್ಹ. ಇವರಿಗೆ ಎಕ್ಸಿಫ್‌ನ ಕಾಪಿರೈಟ್ ಟ್ಯಾಗ್ ಕ್ಯಾಮೆರಾದಲ್ಲೇ, ಉಳಿದದ್ದು ಎಕ್ಸ್‌ಎಂಪಿಯಲ್ಲಿ ಒಂದು ಟೆಂಪ್ಲೇಟ್ ಮಾಡಿ. ಸಾವಿರಗಟ್ಟಲೆ ಫೋಟೋಗೆ ಕೀವರ್ಡ್ ಬರೆಯುತ್ತಾ ಕೂರುವ ಅಗತ್ಯವಿಲ್ಲ.

ತಾಲ್ಲೂಕಿನಿಂದ ಪತ್ರಿಕೆಗೆ ಕಳಿಸುವವರು ಐಐಎಂ ಮತ್ತು ಎಕ್ಸ್‌ಎಂಪಿ ಎರಡನ್ನೂ ತುಂಬಿ, ಊರಿನ ಹೆಸರು ಐಐಎಂನಲ್ಲಿ ಇಂಗ್ಲಿಷ್‌ನಲ್ಲೇ ಇರಲಿ.

ಹಕ್ಕಿ, ಪ್ರಾಣಿ ತೆಗೆಯುವವರಿಗೆ ಜಿಪಿಎಸ್ ವಿಷಯದಲ್ಲಿ ಉಳಿದೆಲ್ಲರಿಗೂ ಕೊಡುವ ಸಲಹೆಯ ಉಲ್ಟಾ. ಮುತ್ತೋಡಿ, ಲಕ್ಕವಳ್ಳಿ ಕಡೆ ಮಂಗಟ್ಟೆ ಹಕ್ಕಿಯ ಗೂಡು ಸಿಕ್ಕರೆ ಮೂಲ ಫೈಲಿನಲ್ಲಿ ಜಿಪಿಎಸ್ ಇಟ್ಟುಕೊಳ್ಳಿ, ಹೊರಗೆ ಕೊಡುವ ಪ್ರತಿಯಲ್ಲಿ ತಪ್ಪದೆ ತೆಗೆಯಿರಿ, ಊರಿನ ಹೆಸರಿನ ಫೀಲ್ಡ್‌ನಲ್ಲಿ ಭದ್ರಾ ಎಂದಷ್ಟೇ ಇರಲಿ. ಜಿಪಿಎಸ್ ತೆಗೆದು ಕ್ಯಾಪ್ಷನ್‌ನಲ್ಲಿ ಮರದ ಗುರುತು ಬರೆಯುವ ಮಹನೀಯರೂ ಇದ್ದಾರೆ. ಒಂಟಿ ತೋಟದ ಮನೆಯಲ್ಲಿ ಇರುವವರಿಗೂ ಇದೇ ಮಾತು, ಮಗುವಿನ ಫೋಟೋದ ಜೊತೆ ಮನೆಯ ಅಕ್ಷಾಂಶ ರೇಖಾಂಶ ಹಂಚಬೇಕಿಲ್ಲ.

ಹೋಮ್‌ಸ್ಟೇಯವರಿಗೆ ಮೂರು ಫೀಲ್ಡ್ ಸಾಕು. ಕ್ರಿಯೇಟರ್, ಕಾಪಿರೈಟ್, ಹಕ್ಕಿನ ವಿವರವಿರುವ ವೆಬ್ ಪುಟದ ವಿಳಾಸ. ಗೂಗಲ್ ಇಮೇಜಸ್ 2020ರಿಂದ ಈ ಕೊನೆಯದನ್ನು ಓದಿ ಪರವಾನಗಿಯ ಗುರುತು ತೋರಿಸುತ್ತದೆ. ಕಣ್ಣು ಕಾಣದವರಿಗೆ ಓದಿ ಹೇಳಲು ಆಲ್ಟ್ ಟೆಕ್ಸ್ಟ್ ಎಂಬ ಫೀಲ್ಡ್ 2021ರಲ್ಲಿ ಐಪಿಟಿಸಿಗೆ ಸೇರಿದೆ, ಪುರುಸೊತ್ತಿದ್ದರೆ ಅದನ್ನೂ ತುಂಬಿ. ಫೋಟೋಗೆ ಜಿಯೋಟ್ಯಾಗ್ ಹಾಕಿ ಮ್ಯಾಪಿನಲ್ಲಿ ನಿಮ್ಮನ್ನು ಮೊದಲ ಸ್ಥಾನಕ್ಕೆ ತರುತ್ತೇವೆ ಎಂದು ದುಡ್ಡು ಕೇಳುವವರ ಮಾತಿಗೆ ನಾನಾಗಿದ್ದರೆ ಕಿವಿ ಕೊಡುತ್ತಿರಲಿಲ್ಲ.

ಗುಡಿ ದಾಖಲಿಸುವವರು ಮತ್ತು ಹಳೆಯ ಆಲ್ಬಮ್‌ನವರು ಮಾತ್ರ ಪೂರ್ತಿ ಎಕ್ಸ್‌ಎಂಪಿಗೆ ಇಳಿಯಬೇಕು: ಎರಡು ಭಾಷೆಯ ವಿವರಣೆ, ಕಾಣುವ ಜಾಗ, ಕಲಾಕೃತಿಯ ಗುಂಪು, ಅಪೂರ್ಣ ದಿನಾಂಕ. ಶುರುಮಾಡುವ ಮೊದಲು ಒಂದೇ ಫೋಟೋ ಹಿಡಿದು ಎಲ್ಲ ಫೀಲ್ಡ್ ತುಂಬಿ, ಊರಿನ ಜಾಗದಲ್ಲಿ ಚಿಕ್ಕಮಗಳೂರು ಎಂದೇ ಬರೆಯಿರಿ. ಆ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಇನ್ನೊಂದು ಕಂಪ್ಯೂಟರಿಗೆ ಒಯ್ದು ಬೇರೆಯದೇ ಸಾಫ್ಟ್‌ವೇರಿನಲ್ಲಿ ತೆರೆಯಿರಿ. ಕೊನೆಯ ಕೊಂಬಿನ ಸಮೇತ ಎಲ್ಲ ಸರಿಯಾಗಿ ಕಂಡರೆ ಉಳಿದ ಫೋಟೋಗಳಿಗೆ ಕೈ ಹಾಕಿ. ಕಾಣದಿದ್ದರೆ ಮೊದಲು ಸೆಟ್ಟಿಂಗ್ ಸರಿಮಾಡಿಕೊಳ್ಳಿ.